ಶ್ರೀರಂಗಪಟ್ಟಣ ಸೀಮೆಯ ಫ್ರೆಂಚ್ ಪೂರ್ವಜರು: ವಂಶಶೋಧನೆ ಮತ್ತು ನಾಮಕರಣ ಪದ್ಧತಿಗಳ ಒಂದು ವಿವೇಚನೆ

ಮಂಡ್ಯ ಜಿಲ್ಲೆಯ ಇಂದಿನ ಪಾಂಡವಪುರಕ್ಕೆ ಸ್ವಾತಂತ್ರ್ಯಪೂರ್ವದ ದಾಖಲೆಗಳಲ್ಲಿ ‘ಫ್ರೆಂಚ್ ರಾಕ್ಸ್’ ಎಂಬ ಹೆಸರಿದೆ. ಜನರ ಬಾಯಲ್ಲಿ ಅದು ಹಿರೋಡೆ. ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಅಲ್ಲಿನ ಕಲ್ಲುಗುಡ್ಡಗಳ ಬಳಿ ಬೀಡುಬಿಟ್ಟಿದ್ದರಿಂದ ಆ ಹೆಸರು ಬಂದಿತೆಂಬುದು ಸುಪರಿಚಿತ ಸಂಗತಿ. ಒಂದೇ ಊರಿಗೆ ಮೂರು ಹೆಸರುಗಳು; ಒಂದು ನೆಲದ್ದು, ಒಂದು ಪರಕೀಯರ ನೆನಪಿನದು, ಮತ್ತೊಂದು ಪುರಾಣದ್ದು. ಸ್ಥಳನಾಮದ ಮಟ್ಟಿಗೆ ಈ ಬದಲಾವಣೆಯನ್ನು ಗುರುತಿಸುವುದು ಕಷ್ಟವಲ್ಲ. ಆದರೆ ಆ ಬೀಡಿನಲ್ಲಿದ್ದವರು ಈ ಸೀಮೆಯಲ್ಲಿ ಬಿಟ್ಟುಹೋದ ಮಕ್ಕಳು ಮೊಮ್ಮಕ್ಕಳ ಹೆಸರುಗಳೇನಾದವು ಎಂಬ ಪ್ರಶ್ನೆಯನ್ನು ಕೈಗೆತ್ತಿಕೊಂಡ ಕೂಡಲೇ ಅಧ್ಯಯನಕಾರನು ತೊಡಕಿಗೆ ಸಿಲುಕುತ್ತಾನೆ. ‘ನಮ್ಮ ಮುತ್ತಜ್ಜನ ಅಜ್ಜ ಫ್ರೆಂಚರವನಂತೆ’ ಎಂಬ ಬಗೆಯ ಕುಟುಂಬದ ಮಾತುಗಳನ್ನು ಇಂದು ಹಲವರು ಸಾಬೀತುಪಡಿಸಲು ಬಯಸುತ್ತಾರೆ. ಅದಕ್ಕೆ ಅವರು ಮೊದಲು ಹಿಡಿಯುವ ಎಳೆ ಹೆಸರು. ಆ ಎಳೆ ಎಷ್ಟು ಗಟ್ಟಿ, ಎಲ್ಲಿ ತುಂಡಾಗುತ್ತದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕನ್ನಡದಲ್ಲಿ ನಾಮವಿಜ್ಞಾನದ ಅಧ್ಯಯನವು ಬಹುಮಟ್ಟಿಗೆ ಶಾಸನಗಳನ್ನೂ ಊರಹೆಸರುಗಳನ್ನೂ ಆಧರಿಸಿ ಬೆಳೆದಿದೆ. ವ್ಯಕ್ತಿನಾಮವನ್ನು ವಂಶಶೋಧನೆಯ ಸಾಧನವಾಗಿ ನೋಡಿದ ಬರಹಗಳು ವಿರಳ. ಆದುದರಿಂದ ಇಲ್ಲಿ ಫ್ರೆಂಚರ ನಾಮಪದ್ಧತಿಯನ್ನೂ ಮಂಡ್ಯ ಸೀಮೆಯ ನಾಮಪದ್ಧತಿಯನ್ನೂ ಎದುರುಬದುರು ಇಟ್ಟು ನೋಡಲಾಗಿದೆ.

ಊರು ಮತ್ತು ಹೆಸರು

ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯಿಂದಲೇ ಆರಂಭಿಸಬಹುದು. ಬೆಂಗಳೂರು–ಮೈಸೂರು ಹೆದ್ದಾರಿಯ ಮೇಲಿನ ಈ ಊರು ಕರ್ನಾಟಕದ ಮುಖ್ಯಮಂತ್ರಿಯೂ ಕೇಂದ್ರದ ವಿದೇಶಾಂಗ ಸಚಿವರೂ ಆಗಿದ್ದ ಎಸ್.ಎಂ. ಕೃಷ್ಣ (1932–2024) ಅವರ ಹುಟ್ಟೂರು. ಅವರ ಹೆಸರಿನ ‘ಎಸ್’ ಸೋಮನಹಳ್ಳಿ, ‘ಎಂ’ ತಂದೆ ಮಲ್ಲಯ್ಯ. ತಂದೆಯವರು ಎಸ್.ಸಿ. ಮಲ್ಲಯ್ಯ. ಎಂದರೆ ಮೊದಲನೆಯ ಅಕ್ಷರ ನಿಂತಿದೆ, ಎರಡನೆಯದು ತಲೆಮಾರಿಗೊಮ್ಮೆ ಬದಲಾಗಿದೆ. ಯೂರೋಪಿನ ಅರ್ಥದಲ್ಲಿ ಇಲ್ಲಿ ಕುಲನಾಮವೇ ಇಲ್ಲ. ಊರು ಕುಲನಾಮದ ಸ್ಥಾನದಲ್ಲಿ ನಿಂತಿದೆ. ಅದೂ ಒಂದೇ ಅಕ್ಷರವಾಗಿ ಕುಗ್ಗಿ. ಬೆಂಗಳೂರಿನ ಕನಕಪುರ ರಸ್ತೆಯಲ್ಲಿಯೂ ಒಂದು ಸೋಮನಹಳ್ಳಿಯಿದೆ. ಕುಟುಂಬವು ಊರು ಬಿಟ್ಟು ಎರಡು ತಲೆಮಾರು ಕಳೆದ ಮೇಲೆ ಆ ‘ಎಸ್’ ಯಾವ ಸೋಮನಹಳ್ಳಿಯದು, ಅಥವಾ ಸೋಮನಹಳ್ಳಿಯದೇ ಹೌದೆ ಎಂಬುದನ್ನು ಅಕ್ಷರವನ್ನು ನೋಡಿ ಹೇಳಲಾಗದು.

ಫ್ರಾನ್ಸಿನಲ್ಲಿ ಊರಿನ ಹೆಸರು ‘ದ’ ಎಂಬ ಪ್ರತ್ಯಯಪೂರ್ವಕವಾಗಿ ಮನೆತನಕ್ಕೆ ಅಂಟಿಕೊಳ್ಳುತ್ತದೆ. ಇದು ಯಾವಾಗಲೂ ಶ್ರೀಮಂತಿಕೆಯ ಗುರುತಲ್ಲ; ಭೂಮಿಯೊಂದರ ಒಡೆತನದಿಂದ, ಕೆಲವೊಮ್ಮೆ ಕೇವಲ ಮೂಲಸ್ಥಳದಿಂದ ಬಂದಿರಬಹುದು. ಆದರೆ ಒಮ್ಮೆ ಅಂಟಿದ ಮೇಲೆ ಮಕ್ಕಳು ಮೊಮ್ಮಕ್ಕಳಿಗೆ ಅದು ಪೂರ್ತಿಯಾಗಿಯೇ ಇಳಿದುಬರುತ್ತದೆ. ಕ್ರಾಂತಿಯ ಕಾಲದಲ್ಲಿ, 1794ರ ಆಗಸ್ಟ್ 23ರ ಕಾನೂನು, ಜನನ ದಾಖಲೆಯಲ್ಲಿರುವುದರ ಹೊರತು ಬೇರೆ ಹೆಸರನ್ನು ಯಾವ ಪ್ರಜೆಯೂ ಧರಿಸಕೂಡದೆಂದು ವಿಧಿಸಿತು. ಹೀಗೆ ಒಂದು ಕಡೆ ಹೆಸರನ್ನು ದಾಖಲೆಯಲ್ಲಿ ಕಟ್ಟಿಹಾಕಿದ ಸಮಾಜ. ಇನ್ನೊಂದು ಕಡೆ ಹೆಸರು ಕರೆಯುವವರ ಬಾಯಲ್ಲಿ ಬೆಳೆದ ಸಮಾಜ. ಇವೆರಡರ ನಡುವೆ ಹುಟ್ಟಿದ ಮಗುವಿನ ಹೆಸರನ್ನು ಹುಡುಕುವುದು ನಮ್ಮ ಸಮಸ್ಯೆ.

‘ಲಾಲಿ’ಯ ಸಂದರ್ಭ

ಈ ಸಮಸ್ಯೆಯ ಸ್ವರೂಪವನ್ನು ತಿಳಿಯಲು ಮೈಸೂರಿನ ಇತಿಹಾಸದಲ್ಲಿ ಪದೇ ಪದೇ ಬರುವ ‘ಲಾಲಿ’ ಎಂಬ ಹೆಸರಿಗಿಂತ ಒಳ್ಳೆಯ ಉದಾಹರಣೆ ದೊರೆಯದು. 1780ರ ಸೆಪ್ಟೆಂಬರ್ 10ರ ಪೊಲ್ಲಿಲೂರು ಕದನದಲ್ಲಿ ಹೈದರನ ಪಕ್ಷದಲ್ಲಿದ್ದ ಐರೋಪ್ಯ ಪಡೆಯ ನಾಯಕನನ್ನು ಇಂಗ್ಲಿಷ್ ಬರಹಗಾರರು ‘ಲ್ಯಾಲಿ’ ಎಂದು ಕರೆದರು. ಅದೇ ಹೆಸರಿನ ಮತ್ತೊಬ್ಬನು, ಪಾಂಡಿಚೇರಿಯನ್ನು 1761ರಲ್ಲಿ ಇಂಗ್ಲಿಷರಿಗೆ ಒಪ್ಪಿಸಬೇಕಾಗಿ ಬಂದು, 1766ರಲ್ಲಿ ಪ್ಯಾರಿಸ್ಸಿನಲ್ಲಿ ಶಿರಚ್ಛೇದಕ್ಕೊಳಗಾದ ಕೌಂಟ್ ಲಾಲಿ. ನಮ್ಮಲ್ಲಿ ಕೆಲವರು ಇವರಿಬ್ಬರನ್ನು ಬಂಧುಗಳೆಂದೂ, ಹಲವು ವೇಳೆ ಒಬ್ಬನೇ ಎಂದೂ ತಿಳಿದು ಬರೆದಿರುವುದುಂಟು. ಇವರ ಹೆಸರುಗಳನ್ನು ಬಿಡಿಸಿ ನೋಡಿದರೆ ಚಿತ್ರ ಬೇರೆಯಾಗುತ್ತದೆ.

ಕೌಂಟ್ ಲಾಲಿಯ ಮನೆತನ ಐರ್ಲೆಂಡಿನಿಂದ ಬಂದದ್ದು. ಆತ ಹುಟ್ಟಿದ್ದು ಫ್ರಾನ್ಸಿನಲ್ಲೇ, 1702ರಲ್ಲಿ. ಆದರೆ ಅವನ ಹೆಸರಿನ ಕೊನೆಯ ‘ತೋಲಾಂದಾಲ್’ ಐರ್ಲೆಂಡಿನ ಗಾಲ್ವೇ ಸೀಮೆಯ ಟುಲ್ಲಿನಡಾಲಿ ಎಂಬ ಊರಿನ ಫ್ರೆಂಚ್ ರೂಪ. ಸೋಮನಹಳ್ಳಿ ‘ಎಸ್’ ಆದಂತೆ ಆ ಊರು ಪರಭಾಷೆಯ ಬಾಯಲ್ಲಿ ‘ತೋಲಾಂದಾಲ್’ ಆಯಿತು. ಇನ್ನು ಮೈಸೂರಿನ ಲಾಲಿ ನಿಜವಾಗಿ ‘ಲಾಲಿ’ಯೇ ಅಲ್ಲ. ಆತ ದ ಮೋತ್ಸ್ ದ ಲಾ ಸಾಲ್ ದ ಲಾಲೇ ಎಂಬ ಉದ್ದನೆಯ ಹೆಸರಿನ, ಸವಾಯ್ ಪ್ರಾಂತ್ಯದ ಮನೆತನದವನು. ಆದವಾನಿಯ ಬಸಾಲತ್ ಜಂಗನ ಸೇವೆಯಲ್ಲಿದ್ದು ಬಳಿಕ ಹೈದರನ ಬಳಿಗೆ ಬಂದನು. ಆಗ ಸವಾಯ್ ಫ್ರಾನ್ಸಿನ ಭಾಗವಾಗಿರಲಿಲ್ಲ. ಸಾರ್ಡೀನಿಯಾದ ಅರಸರಿಗೆ ಸೇರಿತ್ತು. 1860ರಲ್ಲಿ ಮಾತ್ರ ಅದು ಶಾಶ್ವತವಾಗಿ ಫ್ರಾನ್ಸಿಗೆ ಸೇರಿತು. ಎಂದರೆ ನಮ್ಮ ಇತಿಹಾಸಗಳು ‘ಫ್ರೆಂಚ್ ಸೇನಾನಿ ಲಾಲಿ’ ಎಂದು ಹೆಸರಿಸುವ ವ್ಯಕ್ತಿಯು ಹುಟ್ಟಿನಿಂದ ಫ್ರಾನ್ಸಿನ ಪ್ರಜೆಯೂ ಅಲ್ಲ, ಹೆಸರಿನಿಂದ ಲಾಲಿಯೂ ಅಲ್ಲ. ಅವನ ಪೂರ್ವಜರನ್ನು ಹುಡುಕುವವನು ಐರ್ಲೆಂಡಿಗೆ ಹೋದರೆ ಬರಿಗೈಯಲ್ಲಿ ಹಿಂದಿರುಗಬೇಕಾಗುತ್ತದೆ.

ಇದಕ್ಕೆ ತಿರುಗುಮುರುಗಾದ ಉದಾಹರಣೆಯೂ ಶ್ರೀರಂಗಪಟ್ಟಣದಲ್ಲೇ ಇದೆ. ಆಧಾರವಿಲ್ಲದೆ ನಿಂತ ಇಟ್ಟಿಗೆಯ ಕಮಾನೊಂದನ್ನು ಹತ್ತೊಂಬತ್ತನೆಯ ಶತಮಾನದ ಮೊದಲ ದಶಕದಲ್ಲಿ ಅಲ್ಲಿ ಕಟ್ಟಿಸಿದ ಇಂಜಿನಿಯರ್ ದ ಹ್ಯಾವಿಲೆಂಡ್. ಆ ಕಮಾನು 1936ರಲ್ಲಿ ಕುಸಿಯಿತು. ಹೆಸರನ್ನು ಕೇಳಿದವರು ಆತನನ್ನು ಫ್ರೆಂಚನೆನ್ನುವುದು ಸಹಜ. ಆದರೆ ಆತ ಈಸ್ಟ್ ಇಂಡಿಯಾ ಕಂಪನಿಯ ಮದರಾಸು ಸೇನೆಯ ಅಧಿಕಾರಿ. ಅವನ ಮನೆತನ ಬ್ರಿಟಿಷ್ ದೊರೆತನಕ್ಕೆ ಸೇರಿದ ಗರ್ನ್ಸಿ ದ್ವೀಪದ್ದು. ಫ್ರೆಂಚ್ ಹೆಸರಿನ ಇಂಗ್ಲಿಷ್ ಅಧಿಕಾರಿ, ಐರಿಷ್ ಹೆಸರಿನ ಫ್ರೆಂಚ್ ಕೌಂಟ್, ಅವನ ಹೆಸರಿನಿಂದ ಕರೆಯಲ್ಪಟ್ಟ ಸವಾಯ್ ಸೀಮೆಯವನು: ಈ ಮೂವರನ್ನು ಒಟ್ಟಿಗೆ ಇಟ್ಟಾಗ ಹೆಸರಿನ ಧ್ವನಿಯಿಂದ ಜನಾಂಗವನ್ನು ನಿರ್ಣಯಿಸುವ ಪದ್ಧತಿಯ ದೌರ್ಬಲ್ಯ ತಾನೇ ತಾನಾಗಿ ಹೊರಬೀಳುತ್ತದೆ.

ಮೇಲಧಿಕಾರಿಗಳ ಸ್ಥಿತಿಯೇ ಹೀಗಿರುವಾಗ ಸಾಮಾನ್ಯ ಸಿಪಾಯಿಗಳ ವಿಚಾರ ಇನ್ನೂ ಜಟಿಲ. ಹದಿನೆಂಟನೆಯ ಶತಮಾನದ ಫ್ರೆಂಚ್ ಸೇನೆಯಲ್ಲಿ ಭರ್ತಿಯಾದವನಿಗೆ ಒಂದು ಯುದ್ಧನಾಮವಿರುವುದು ವಾಡಿಕೆಯಾಗಿತ್ತು. ಲಾ ಫ್ಲ್ಯೂರ್ ಎಂದರೆ ಹೂವು, ಸಾಂ ಸೂಸಿ ಎಂದರೆ ಚಿಂತೆಯಿಲ್ಲದವನು, ಜೋಲಿಕ್ಯೋರ್ ಎಂದರೆ ಒಳ್ಳೆಯ ಮನಸ್ಸಿನವನು. ಬ್ರಿಟನಿಯಿಂದ ಬಂದವನು ‘ಲ ಬ್ರೆತೋಂ’. ದಾಖಲೆಯಲ್ಲಿ ಮೂಲ ಹೆಸರಿನ ಮುಂದೆ ‘ದೀ’, ಎಂದರೆ ‘ಎಂದು ಕರೆಯಲ್ಪಡುವ’, ಎಂಬ ಪದವನ್ನಿಟ್ಟು ಇದನ್ನು ಬರೆಯುತ್ತಿದ್ದರು. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಇಂತಹ ಯುದ್ಧನಾಮಗಳೇ ಎಷ್ಟೋ ಕುಟುಂಬಗಳ ಕುಲನಾಮಗಳಾಗಿ ನೆಲೆನಿಂತಿವೆ. ನಮ್ಮ ಕಡೆಯ ಹಳ್ಳಿಗಳಲ್ಲಿ ಒಂದೇ ಹೆಸರಿನ ನಾಲ್ವರಿದ್ದಾಗ ಕುಂಟಯ್ಯ, ಕರಿಯಪ್ಪ, ಮೇಗಲಮನೆಯವನು ಎಂದು ಬಿಡಿಸಿ ಕರೆಯುವುದಕ್ಕೂ ಇದಕ್ಕೂ ಪ್ರೇರಣೆ ಒಂದೇ. ಆದರೆ ಪರಿಣಾಮ ಬೇರೆ. ಹಡಗಿನ ಪಟ್ಟಿಯಲ್ಲಿ ಒಂದು ಹೆಸರು, ಪಡೆಯ ಪಟ್ಟಿಯಲ್ಲಿ ಮತ್ತೊಂದು ಹೆಸರು ಇರುವವನನ್ನು ಒಬ್ಬನೇ ಎಂದು ಗುರುತಿಸದಿದ್ದರೆ ಶೋಧನೆ ಅಲ್ಲಿಗೇ ನಿಲ್ಲುತ್ತದೆ.

ಇದರ ಮೇಲೆ ದೇಶೀಯರ ಉಚ್ಚಾರಣೆಯ ಪದರವೊಂದು ಕೂಡಿಕೊಳ್ಳುತ್ತದೆ. ಫ್ರೆಂಚಿನ ಗೌರವವಾಚಕ ‘ಮೊಸ್ಯೂ’ ದಖ್ಖನಿನಲ್ಲಿ ‘ಮೂಸಾ’ ಆಯಿತು. ಹೈದರಾಬಾದಿನ ನಿಜಾಮನ ಸೇನಾನಿಯಾಗಿದ್ದು 1798ರಲ್ಲಿ ತೀರಿಕೊಂಡ ರೇಮೊಂ ಎಂಬವನನ್ನು ಮುಸಲ್ಮಾನರು ಮೂಸಾ ರಹೀಮ್ ಎಂದೂ ಹಿಂದೂಗಳು ಮೂಸಾ ರಾಮ್ ಎಂದೂ ಕರೆದರು. ಮೂಸಾರಾಂಬಾಗ್ ಎಂಬ ಬಡಾವಣೆಯ ಹೆಸರಿನಲ್ಲಿ ಆತ ಇಂದಿಗೂ ಇದ್ದಾನೆ. ಹೆಸರಿನ ಮೂಲವನ್ನು ಅರಿಯದವನಿಗೆ ಅಲ್ಲಿ ಫ್ರೆಂಚನ ಸುಳಿವೂ ಸಿಗದು. ಕನ್ನಡದ ‘ಪರಂಗಿ’ ಪದವೂ ಇಲ್ಲಿ ನೆರವಾಗುವುದಿಲ್ಲ. ‘ಫ್ರಾಂಕ್’ ಎಂಬ ಪದ ಅರಬ್ಬಿ ಪಾರಸಿಗಳ ಮೂಲಕ ಬಂದು ಪೋರ್ಚುಗೀಸ, ಇಂಗ್ಲಿಷ, ಫ್ರೆಂಚ ಎಂಬ ಭೇದವಿಲ್ಲದೆ ಎಲ್ಲ ಐರೋಪ್ಯರಿಗೂ ಸಂದಿತು. ಕೊನೆಗೆ ಹಣ್ಣೊಂದಕ್ಕೂ ಸಂದಿತು.

1797ರಲ್ಲಿ ಶ್ರೀರಂಗಪಟ್ಟಣದಲ್ಲಿ ಫ್ರಾನ್ಸ್ವಾ ರಿಪೋ ಎಂಬವನ ಮುಂದಾಳುತನದಲ್ಲಿ ನಡೆಯಿತೆನ್ನಲಾದ ಜಾಕೊಬಿನ್ ಕ್ಲಬ್ಬಿನ 59 ಸದಸ್ಯರ ಪಟ್ಟಿಯು ವಂಶಶೋಧಕರಿಗೆ ಬಹು ಆಕರ್ಷಕವಾಗಿ ಕಾಣುತ್ತದೆ. ಆದರೆ 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಅರಮನೆಯಲ್ಲಿ ದೊರೆಯಿತೆಂದು ಬ್ರಿಟಿಷರು ಅಚ್ಚುಹಾಕಿಸಿದ ಕಾಗದಪತ್ರಗಳ ಮೂಲಕ ಅದು ನಮಗೆ ಬಂದಿದೆ. ಅದರ ಪ್ರಾಮಾಣ್ಯವನ್ನು ಕೆಲವು ಇತಿಹಾಸಕಾರರು ಸಂದೇಹಿಸಿದ್ದಾರೆ. ಅಲ್ಲಿನ ಹೆಸರುಗಳ ಕಾಗುಣಿತವನ್ನು ಬೇರೆ ಆಧಾರವಿಲ್ಲದೆ ನೆಚ್ಚುವುದು ಸರಿಯಲ್ಲವೆಂಬುದು ಈ ಲೇಖಕನ ಅಭಿಪ್ರಾಯ.

ರಾಯಪ್ಪ, ಚಿನ್ನಪ್ಪ, ಲೂರ್ದಮ್ಮ

ಕ್ರೈಸ್ತ ಕುಟುಂಬಗಳ ಹೆಸರುಗಳಲ್ಲಿ ಫ್ರೆಂಚ್ ಮೂಲವನ್ನು ಹುಡುಕುವ ಪ್ರಯತ್ನವೂ ಸಾಮಾನ್ಯ. ಇಲ್ಲಿ ಒಂದು ಮೂಲಭೂತ ವ್ಯತ್ಯಾಸವನ್ನು ಗಮನಿಸಬೇಕು. ಹದಿನೇಳನೆಯ ಶತಮಾನದ ನಡುಭಾಗದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಚಿನ್ನಾಮಿ ಮೊದಲಾದ ಯೇಸುಸಭೆಯ ಪಾದ್ರಿಗಳ ಕಾಲಕ್ಕೇ ಇಲ್ಲಿನ ಕ್ರೈಸ್ತ ಸಮುದಾಯ ರೂಪುಗೊಂಡಿತ್ತು. 1773ರಲ್ಲಿ ಯೇಸುಸಭೆ ವಿಸರ್ಜನೆಗೊಂಡ ಬಳಿಕ ಮೈಸೂರಿನ ಧರ್ಮಕಾರ್ಯ ಪ್ಯಾರಿಸ್ಸಿನ ವಿದೇಶೀ ಮಿಶನ್ ಸಂಸ್ಥೆಯ ಫ್ರೆಂಚ್ ಗುರುಗಳಿಗೆ ಬಂದಿತು. ಆದ್ದರಿಂದ ಗುರುಗಳು ಫ್ರೆಂಚರಾದರೂ ಹೆಸರುಗಳು ಅವರಿಗಿಂತ ಹಳೆಯವು.

ಪೇತ್ರನಿಗೆ ರಾಯಪ್ಪ, ಪೌಲನಿಗೆ ಚಿನ್ನಪ್ಪ, ಯೊವಾನ್ನನಿಗೆ ಅರುಳಪ್ಪ ಎಂಬ ರೂಪಗಳು ತಮಿಳು ಕ್ರೈಸ್ತ ಪರಂಪರೆಯಿಂದ ಬಂದವು. ಪೌಲುಸ್ ಎಂಬ ಲ್ಯಾಟಿನ್ ಪದಕ್ಕೆ ಚಿಕ್ಕವನೆಂದು ಅರ್ಥ. ಅದರ ಅನುವಾದವೇ ಚಿನ್ನಪ್ಪ. ಕನ್ನಡಿಗರ ಕಿವಿಗೆ ಇದು ‘ಚಿನ್ನ’ವಾಗಿ ಕೇಳಿ ಇನ್ನಷ್ಟು ಹಿತವಾಯಿತು. ಸಂದ್ಯಾಗಪ್ಪ, ಸೂಸಯ್ಯ, ಸವರಿಯಪ್ಪ, ಇನ್ನಾಸಪ್ಪ ಎಂಬವು ಕ್ರಮವಾಗಿ ಸಾಂತಿಯಾಗೊ, ಜೋಸೆ, ಶವಿಯೇರ್, ಇನಾಸಿಯೊ ಎಂಬ ಐಬೀರಿಯಾದ ಉಚ್ಚಾರಣೆಗಳನ್ನು ಉಳಿಸಿಕೊಂಡಿವೆ. ಫ್ರೆಂಚಿನ ‘ಜೋಜೆಫ್’ನಿಂದ ಸೂಸಯ್ಯ ಹುಟ್ಟಲಾರದು. ಹೀಗಾಗಿ ಇಂತಹ ಹೆಸರುಳ್ಳ ಕುಟುಂಬವೊಂದರಲ್ಲಿ ಫ್ರೆಂಚ್ ರಕ್ತವನ್ನು ಊಹಿಸಲು ಹೆಸರು ಯಾವ ಆಧಾರವನ್ನೂ ಕೊಡುವುದಿಲ್ಲ.

ಇನ್ನೊಂದು ತೊಡಕೆಂದರೆ ರಾಯಪ್ಪ, ಚಿನ್ನಪ್ಪ ಎಂಬವು ಹಿಂದೂ ಕುಟುಂಬಗಳಲ್ಲಿಯೂ ಬಳಕೆಯಲ್ಲಿರುವ ಹೆಸರುಗಳು. ಮರಿಯಮ್ಮ ಎಂಬುದು ದಾಖಲೆಗಾರನ ಕೈಯಲ್ಲಿ ಸುಲಭವಾಗಿ ಮಾರಿಯಮ್ಮ ಆಗಬಲ್ಲದು. ಒಬ್ಬನೇ ವ್ಯಕ್ತಿ ಕಂದಾಯದ ಲೆಕ್ಕದಲ್ಲಿ ಚಿನ್ನಪ್ಪ, ಜ್ಞಾನಸ್ನಾನದ ಪುಸ್ತಕದಲ್ಲಿ ಲ್ಯಾಟಿನ್ನಿನ ಪೌಲುಸ್, ಇಂಗ್ಲಿಷ್ ಶಾಲೆಗೆ ಸೇರಿದ ಮೊಮ್ಮಗನ ಬಾಯಲ್ಲಿ ಪಾಲ್. ಮೂರನೆಯದನ್ನು ಮಾತ್ರ ಕಂಡವನು ಐರೋಪ್ಯ ಪೂರ್ವಜನನ್ನು ಕಲ್ಪಿಸಿಕೊಳ್ಳುವುದು ಅಸಹಜವೇನಲ್ಲ.

ಹಾಗಾದರೆ ನಿಜಕ್ಕೂ ಫ್ರೆಂಚ್ ಪದರವೆನ್ನಬಹುದಾದ ಹೆಸರುಗಳಿಲ್ಲವೆ? ಇವೆ. ಲೂರ್ದಮ್ಮ, ಲೂರ್ದುಸ್ವಾಮಿ, ಲೂರ್ದುಮೇರಿ ಎಂಬವು ಫ್ರಾನ್ಸಿನ ಲೂರ್ದ್ ಎಂಬ ಊರಿನಲ್ಲಿ 1858ರಲ್ಲಿ ಮಾತೆ ಮರಿಯಳ ದರ್ಶನವಾಯಿತೆಂಬ ನಂಬಿಕೆಯ ಫಲ. ಇಲ್ಲಿ ಫ್ರಾನ್ಸಿನ ಸ್ಥಳನಾಮವೊಂದು ಕನ್ನಡದ ‘ಅಮ್ಮ’ನನ್ನು ಸೇರಿಸಿಕೊಂಡು ವ್ಯಕ್ತಿನಾಮವಾಗಿದೆ. ಹೆಸರಿನ ರೂಪದಿಂದಲೇ ಅದು 1858ಕ್ಕಿಂತ ಈಚಿನದೆಂದು ಕಾಲನಿರ್ಣಯವನ್ನೂ ಮಾಡಬಹುದು. ಆದರೆ ಅದು ಭಕ್ತಿಯ ವಂಶಾವಳಿ, ರಕ್ತದ್ದಲ್ಲ. ಇದೇ ಮಾತು ಅಬ್ಬೆ ದ್ಯುಬ್ವಾ ಅವರಿಗೂ ಅನ್ವಯಿಸುತ್ತದೆ. 1799ರ ಬಳಿಕ ಶ್ರೀರಂಗಪಟ್ಟಣಕ್ಕೆ ಬಂದು, ಚದುರಿಹೋಗಿದ್ದ ಕ್ರೈಸ್ತರನ್ನು ಕೂಡಿಸಿ, ಹಾಸನದ ಬಳಿಯ ಸತ್ತಿಹಳ್ಳಿಯಲ್ಲಿ ಬೇಸಾಯದ ನೆಲೆ ಕಲ್ಪಿಸಿ, ಸಿಡುಬಿನ ಲಸಿಕೆಯನ್ನು ಹರಡಿ, 1823ರಲ್ಲಿ ಫ್ರಾನ್ಸಿಗೆ ಹಿಂದಿರುಗಿದ ಅವರನ್ನು ಜನ ‘ದೊಡ್ಡಸ್ವಾಮಿಯವರು’ ಎಂದರು. ಬ್ರಹ್ಮಚಾರಿಯಾದ ಗುರುವಿನ ಕುಲನಾಮ ಇಲ್ಲಿ ಯಾರಿಗೂ ಇಳಿಯಲಿಲ್ಲ. ನೆನಪಿನಲ್ಲಿ ಉಳಿದದ್ದು ಹಳ್ಳಿಯವರು ಕೊಟ್ಟ ಹೆಸರು.

ದಾಖಲೆಗಳ ಸ್ಥಿತಿ

ವಂಶಶೋಧನೆಗೆ ಫ್ರೆಂಚರ ಕಡೆಯಿಂದ ದೊರೆಯುವ ಸಾಮಗ್ರಿ ವಿಪುಲವಾಗಿದೆಯೆಂಬುದನ್ನು ಒಪ್ಪಲೇಬೇಕು. ಚರ್ಚಿನಲ್ಲಿ ಜ್ಞಾನಸ್ನಾನವನ್ನು ದಾಖಲಿಸಬೇಕೆಂಬ ಅರಸನ ಆಜ್ಞೆ 1539ರಷ್ಟು ಹಿಂದಿನದು. 1776ರ ಜೂನ್ ತಿಂಗಳ ರಾಜಾಜ್ಞೆಯು ವಸಾಹತುಗಳ ದಾಖಲೆಗಳ ಪ್ರತಿಯನ್ನು ವರ್ಸಾಯಿಗೆ ಕಳುಹಿಸಬೇಕೆಂದು ವಿಧಿಸಿತು. ಆ ಸಂಗ್ರಹ ಈಗ ಎಕ್ಸ್-ಆಂ-ಪ್ರೊವಾಂಸ್ ನಗರದ ಸಾಗರೋತ್ತರ ದಾಖಲಾಗಾರದಲ್ಲಿದೆ. ಪಾಂಡಿಚೇರಿ, ಕಾರೈಕಲ್, ಮಾಹೆ, ಯಾನಾಂ, ಚಂದ್ರನಗರಗಳ ಪುಸ್ತಕಗಳನ್ನು ಅಲ್ಲಿಗೆ ಹೋಗದೆಯೇ ನೋಡುವ ಸೌಲಭ್ಯವೂ ಉಂಟು. ಪಾಂಡಿಚೇರಿಯ ಫ್ರೆಂಚ್ ಭಾರತದ ಇತಿಹಾಸ ಸಂಘವು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹಳೆಯ ಜನನ, ವಿವಾಹ, ಮರಣಗಳ ಸಾರಾಂಶಗಳನ್ನು ಅಚ್ಚುಹಾಕಿಸಿದೆ. ಶ್ರೀರಂಗಪಟ್ಟಣದಲ್ಲಿದ್ದ ಸೈನಿಕನ ಸುಳಿವು ಸಾಮಾನ್ಯವಾಗಿ ಅವನು ಮೈಸೂರಿಗೆ ಬರುವ ಮುನ್ನ ಪಾಂಡಿಚೇರಿ ಅಥವಾ ಮಾಹೆಯಲ್ಲಿ ಬಿಟ್ಟ ದಾಖಲೆಯಲ್ಲಿ ಸಿಗಬೇಕೇ ಹೊರತು ಇಲ್ಲಿ ಅಲ್ಲ. ನಮ್ಮ ಕಡೆಯ ಕಂದಾಯದ ಕಡತಗಳನ್ನು ನೋಡುವವರು ಮಂಡ್ಯ ಜಿಲ್ಲೆ ರಚನೆಯಾದದ್ದು 1939ರಲ್ಲಿ ಎಂಬುದನ್ನು ನೆನಪಿಡಬೇಕು; ಅದಕ್ಕೆ ಹಿಂದಿನದೆಲ್ಲ ಮೈಸೂರು ಜಿಲ್ಲೆಯ ಹೆಸರಿನಲ್ಲಿದೆ.

ಪಾಂಡಿಚೇರಿಯ ದಾಖಲೆಗಳಲ್ಲಿಯೂ ಫ್ರೆಂಚ್ ಕುಲನಾಮ ಕಂಡಕೂಡಲೇ ಹಿಗ್ಗುವಂತಿಲ್ಲ. 1881ರ ಸೆಪ್ಟೆಂಬರ್ 21ರ ಆಜ್ಞೆಯು, ತಮ್ಮ ಸಾಂಪ್ರದಾಯಿಕ ವೈಯಕ್ತಿಕ ಕಾನೂನನ್ನು ತ್ಯಜಿಸಿ ಫ್ರೆಂಚ್ ನಾಗರಿಕ ಸಂಹಿತೆಗೆ ಒಳಪಡಲು ಅಲ್ಲಿನ ಭಾರತೀಯರಿಗೆ ಅವಕಾಶ ಕೊಟ್ಟಿತು. ಹಾಗೆ ತ್ಯಜಿಸಿದವರು ತಮಗೂ ತಮ್ಮ ಸಂತತಿಗೂ ಒಂದು ಕುಲನಾಮವನ್ನು ಆರಿಸಿಕೊಳ್ಳಬೇಕಾಯಿತು. ಇವರಲ್ಲಿ ಪ್ರಸಿದ್ಧನಾದ ವಕೀಲ ಪೊನ್ನುತಂಬಿ ಆರಿಸಿಕೊಂಡದ್ದು ‘ಲಾಪೋರ್ತ್’, ಎಂದರೆ ಬಾಗಿಲು. ಅಪ್ಪಟ ತಮಿಳು ಮನೆತನ, ಅಪ್ಪಟ ಫ್ರೆಂಚ್ ಹೆಸರು. ಸೈನ್ಯದಲ್ಲಿದ್ದ ‘ತೋಪಾಸ್’ ಎಂಬ ಮಿಶ್ರ ಮೂಲದ ಕ್ರೈಸ್ತರು ಪೋರ್ಚುಗೀಸ್ ಹೆಸರುಗಳನ್ನು ಹೊತ್ತು ಫ್ರೆಂಚ್ ಪಡೆಗಳಲ್ಲಿ ದುಡಿದದ್ದೂ ಇದೇ ಬಗೆಯ ಗೊಂದಲಕ್ಕೆ ಕಾರಣ.

ತಾಯಿಯ ಹೆಸರು

ಹೆಸರಿಡುವ ಕ್ರಮದಲ್ಲಿ ಎರಡು ಸಮಾಜಗಳಿಗೂ ಒಂದು ಅಚ್ಚರಿಯ ಹೋಲಿಕೆಯಿದೆ. ಫ್ರೆಂಚ್ ಕುಟುಂಬಗಳಲ್ಲಿ ಮಗುವಿಗೆ ಜ್ಞಾನತಂದೆ ಅಥವಾ ಜ್ಞಾನತಾಯಿಯ ಹೆಸರಿಡುವುದು ವಾಡಿಕೆ. ಆ ಸ್ಥಾನಕ್ಕೆ ಮೊದಲು ಬರುವವರು ಬಹಳ ಸಲ ಅಜ್ಜ ಅಜ್ಜಿಯರೇ. ಮಂಡ್ಯ ಸೀಮೆಯಲ್ಲಿಯೂ ಹಿರಿಮಗನಿಗೆ ತಾತನ ಹೆಸರು ಸಲ್ಲುತ್ತದೆ. ಬೋರೇಗೌಡನ ಮಗ ಮಾದೇಗೌಡ, ಅವನ ಮಗ ಮತ್ತೆ ಬೋರೇಗೌಡ. ಇದರ ಜೊತೆಗೆ ನಮ್ಮಲ್ಲಿ ಮತ್ತೊಂದು ನಿರ್ಬಂಧವಿತ್ತು. ಸೊಸೆಯಾದವಳು ಮಾವನ ಹೆಸರನ್ನು ಬಾಯಿಬಿಟ್ಟು ಹೇಳುವಂತಿಲ್ಲ. ಮಾವನ ಹೆಸರು ಹೊತ್ತ ಮಗನನ್ನು ಅವಳು ಪುಟ್ಟಸ್ವಾಮಿ, ತಮ್ಮಣ್ಣ, ಅಪ್ಪಯ್ಯ ಎಂದು ಕರೆದಳು. ಶಾಲೆಯ ಮೇಷ್ಟ್ರು ಅದನ್ನೇ ಬರೆದುಕೊಂಡರು. ತಾಯಿಯ ಸಂಕೋಚದಿಂದ ಹುಟ್ಟಿದ ಕರೆಹೆಸರು ಹೀಗೆ ದಾಖಲೆಯ ಹೆಸರಾಗಿ, ಅಜ್ಜನ ಹೆಸರು ಕಾಗದದಿಂದ ಮರೆಯಾದ ಸಂದರ್ಭಗಳು ಕಡಿಮೆಯಲ್ಲ. ವಂಶಾವಳಿಯ ಸರಪಳಿಯಲ್ಲಿ ಇದ್ದಕ್ಕಿದ್ದಂತೆ ಪುಟ್ಟಸ್ವಾಮಿಯೊಬ್ಬ ಬಂದರೆ, ಅವನ ಹಿಂದೆ ಮಾತಿಗೆ ಬಾರದ ಹೆಸರೊಂದು ಇದ್ದೀತೆಂದು ಶೋಧಕನು ಸಂಶಯಿಸಬೇಕು.

ಫ್ರೆಂಚ್ ದಾಖಲೆಯಲ್ಲಿ ಹೆಣ್ಣಿನ ಸ್ಥಾನ ಬೇರೆ. ಮದುವೆಯಾದರೂ, ಮಕ್ಕಳ ಜ್ಞಾನಸ್ನಾನದಲ್ಲಿಯೂ, ಮರಣದಲ್ಲಿಯೂ ಆಕೆಯನ್ನು ಹುಟ್ಟಿದ ಮನೆಯ ಹೆಸರಿನಿಂದಲೇ ಬರೆಯುವುದು ಪದ್ಧತಿ. ಇಂಗ್ಲಿಷ್ ದಾಖಲೆಗಳಿಗೆ ಹೋಲಿಸಿದರೆ ಇದು ದೊಡ್ಡ ಅನುಕೂಲ. ತಾಯಿಯ ಕಡೆಯ ವಂಶವನ್ನೂ ಹಿಂದಕ್ಕೆ ಹಿಡಿದುಹೋಗಬಹುದು. ಆದರೆ ಈ ಅನುಕೂಲ ಹುಟ್ಟಿದ ಮನೆಗೆ ಕುಲನಾಮವಿದ್ದ ಹೆಣ್ಣಿಗೆ ಮಾತ್ರ. ಸೈನಿಕನೊಬ್ಬ ಇಲ್ಲಿನ ಹೆಣ್ಣನ್ನು ಮದುವೆಯಾಗಬೇಕಾದರೆ ಆಕೆಗೆ ಮೊದಲು ಜ್ಞಾನಸ್ನಾನವಾಗಬೇಕು. ಆಗ ಆಕೆ ಮಾರಿ, ಆನ್, ಕ್ಯಾಥರೀನ್ ಮೊದಲಾದ ಒಂದು ಹೊಸ ಹೆಸರನ್ನು ಪಡೆಯುತ್ತಾಳೆ. ಕುಲನಾಮದ ಜಾಗದಲ್ಲಿ ಬರೆಯಲು ಆಕೆಗೆ ಏನೂ ಇಲ್ಲ. ತಂದೆಯ ಕಡೆ ಐದಾರು ತಲೆಮಾರು ಹಿಂದಕ್ಕೆ ಹೋಗಬಲ್ಲ ದಾಖಲೆ, ತಾಯಿಯ ಕಡೆಗೆ ತಿರುಗಿದ ಕೂಡಲೇ ಒಂದೇ ಪದದಲ್ಲಿ ಮುಗಿಯುತ್ತದೆ. ಮದುವೆಯೇ ಆಗದೆ ಹುಟ್ಟಿದ ಮಕ್ಕಳ ಸ್ಥಿತಿ ಇದಕ್ಕೆ ವಿರುದ್ಧವಾದದ್ದು. ಅವರು ತಾಯಿಯ ಮನೆಯಲ್ಲೇ ಬೆಳೆದು, ತಾಯಿಯ ಕಡೆಯವರಿಟ್ಟ ಹೆಸರಿನಲ್ಲಿ ಊರೊಳಗೆ ಬೆರೆತುಹೋಗಿರಬೇಕು. ಅವರ ಹೆಸರಿನಲ್ಲಿ ಫ್ರಾನ್ಸ್ ಇರಲು ಸಾಧ್ಯವಿಲ್ಲ. ಹೈದರ್ ಟಿಪ್ಪುಗಳ ಕಾಲದಲ್ಲಿ ಕೆಲವು ಐರೋಪ್ಯ ಸೆರೆಯಾಳುಗಳನ್ನು ಮತಾಂತರಿಸಿ ಮುಸಲ್ಮಾನ ಹೆಸರಿಟ್ಟದ್ದು ಅವರ ಆತ್ಮಕಥನಗಳಿಂದಲೇ ತಿಳಿದುಬರುತ್ತದೆ. ಅವರ ಸಂತತಿಗೂ ಇದೇ ಮಾತು ಅನ್ವಯಿಸುತ್ತದೆ.

ಆದ್ದರಿಂದ ಹಳೆಯ ಮೈಸೂರಿನಲ್ಲಿ ಫ್ರೆಂಚ್ ಹೆಸರನ್ನು ಹೊತ್ತ ಕುಟುಂಬವನ್ನು ಹುಡುಕುವುದಕ್ಕಿಂತ, ಪಾಂಡಿಚೇರಿ, ಮಾಹೆಗಳ ಪುಸ್ತಕಗಳಲ್ಲಿ ತಾಯಿಯ ಹೆಸರಿನ ಜಾಗವನ್ನು ಓದುವುದು ಹೆಚ್ಚು ಫಲಕಾರಿಯೆಂದು ತೋರುತ್ತದೆ. ಕುಲನಾಮವಿಲ್ಲದ ‘ಮಾರಿ’ಯೊಬ್ಬಳು ಬಂದಲ್ಲಿ ಆಕೆಯ ಜ್ಞಾನಸ್ನಾನದ ದಾಖಲೆಯನ್ನು, ಆಕೆಗೆ ನಿಂತ ಜ್ಞಾನತಾಯಿಯನ್ನು, ಆ ಜ್ಞಾನತಾಯಿ ಬೇರಾವ ಮಕ್ಕಳಿಗೆ ನಿಂತಳೆಂಬುದನ್ನು ಕ್ರಮವಾಗಿ ನೋಡುತ್ತ ಹೋಗಬೇಕು. ಪುಸ್ತಕ ಬರೆದ ಗುರು ಕೆಲವೊಮ್ಮೆ ಅಂಚಿನಲ್ಲಿ ಊರಿನ ಹೆಸರನ್ನು ತನ್ನ ಕಿವಿಗೆ ಬಿದ್ದಂತೆ ಗೀಚಿರಬಹುದು. ಟುಲ್ಲಿನಡಾಲಿ ತೋಲಾಂದಾಲ್ ಆದದ್ದನ್ನು ಬಿಡಿಸಬಲ್ಲವರು ಐರ್ಲೆಂಡಿನಲ್ಲಿ ಇದ್ದರು. ಫ್ರೆಂಚ್ ಕಾಗುಣಿತದಲ್ಲಿ ಸಿಕ್ಕಿಕೊಂಡ ಕನ್ನಡದ ಹಳ್ಳಿಯ ಹೆಸರನ್ನು ಬಿಡಿಸುವ ಕೆಲಸ ಕನ್ನಡ ಬಲ್ಲವರದೇ.